ಇಂಗ್ಲಿಷಿನಲ್ಲಿ ‘ಅಂತ’ ಇಲ್ಲ

ಕೆ.ಆರ್. ಪುರ, ಇಂದಿರಾನಗರ, ಹಲಸೂರು, ಶಿವಾಜಿನಗರದ ಮನೆಗಳಿಂದ ಕಾಲೇಜಿಗೆ ಹೋಗಿ, ಈ ವರ್ಷ ಇಂಗ್ಲಿಷಿನಲ್ಲಿ ಪ್ರಾಜೆಕ್ಟ್ ರಿಪೋರ್ಟೋ ಡಿಸರ್ಟೇಶನ್ನೋ ಪಿಎಚ್.ಡಿ. ಅಧ್ಯಾಯವೋ ಬರೆಯುತ್ತಿರುವ ಎಲ್ಲ ವಿದ್ಯಾರ್ಥಿಗಳಿಗೆ,



ನಿಮ್ಮಂಥವರು ಬರೆದ ಇಂಗ್ಲಿಷನ್ನು ತಿದ್ದಿಕೊಡುವುದು ನನ್ನ ಹೊಟ್ಟೆಪಾಡು. ಮನೆ ಹಲಸೂರಿನಲ್ಲಿ. ರಿಪೋರ್ಟ್ ಒಪ್ಪಿಸುವ ಕಾಲ ಬಂತೆಂದರೆ ಪೆನ್‌ಡ್ರೈವ್ ಹಿಡಿದು ಬರುವವರು, ವಾಟ್ಸ್‌ಆ್ಯಪ್‌ನಲ್ಲಿ ವರ್ಡ್ ಫೈಲ್ ಕಳಿಸುವವರು, ‘ಸರ್, ಶುಕ್ರವಾರ ಬೈಂಡಿಂಗ್‌ಗೆ ಕೊಡಬೇಕು, ಗೈಡು ಗ್ರಾಮರ್ ಸರಿಯಿಲ್ಲ ಅಂದ್ರು’ ಎನ್ನುವವರು ಶುರುವಾಗುತ್ತಾರೆ. ಯಾವ ಗ್ರಾಮರ್ ಎಂದು ಕೇಳಿದರೆ ಅವರಿಗೂ ಗೊತ್ತಿರುವುದಿಲ್ಲ. ಹಾಳೆಯ ಮೇಲೆ ಕೆಂಪು ಶಾಯಿಯ ಒಂದು ಸುತ್ತು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೆ. ಆ ಸುತ್ತಿನೊಳಗೆ ಏನಿರುತ್ತದೆ ಎಂದು ನಿಮಗೆ ಯಾರೂ ಕೂರಿಸಿಕೊಂಡು ಹೇಳಿದ ಹಾಗೆ ಕಾಣುವುದಿಲ್ಲ. ಅದಕ್ಕೇ ಈ ಪತ್ರ.

ಸುತ್ತು ಬೀಳುವುದು ಬಹುಮಟ್ಟಿಗೆ ಎರಡನೆಯ ಅಧ್ಯಾಯದಲ್ಲಿ, ‘ರಿವ್ಯೂ ಆಫ್ ಲಿಟರೇಚರ್’ ಎಂಬ ತಲೆಬರಹದ ಕೆಳಗೆ. ಮೊದಲು ಲೇಖಕರ ಹೆಸರು, ಆಮೇಲೆ ಇಸವಿ, ಆಮೇಲೆ ಒಂದು ಕ್ರಿಯಾಪದ. ಹೆಸರು ಸರಿ, ಇಸವಿ ಸರಿ, ಕ್ರಿಯಾಪದವೂ ಸರಿ. ಅದರ ಬೆನ್ನಿಗೆ ಬರುವ ಪದದಲ್ಲಿ ಎಡವಟ್ಟು. ‘ನಾಯರ್ ಡಿಸ್ಕಸ್ಡ್ ದಟ್ ದ ಸಿಟಿ ಆ್ಯಂಡ್ ದ ಕಂಟೋನ್ಮೆಂಟ್ ವರ್ ಸೆಪರೇಟ್’ ಎಂದು ಬರೆದಿರುತ್ತೀರಿ. ಜಾನಕಿ ನಾಯರ್ ಅವರ ‘ದ ಪ್ರಾಮಿಸ್ ಆಫ್ ದ ಮೆಟ್ರೊಪೊಲಿಸ್’ (2005) ಇಪ್ಪತ್ತನೆಯ ಶತಮಾನದ ಬೆಂಗಳೂರಿನ ಕುರಿತ ಪುಸ್ತಕ. ನಮ್ಮ ಈ ಭಾಗದ ಬಗ್ಗೆ ಬರೆಯುವವರು ಅದನ್ನು ದಾಟಿ ಹೋಗುವ ಹಾಗಿಲ್ಲ. 1809ರಲ್ಲಿ ಶುರುವಾದ ದಂಡು ಮತ್ತು ಅದಕ್ಕಿಂತ ಹಳೆಯದಾದ ಪೇಟೆ 1949ರಲ್ಲಿ ಒಂದೇ ಕಾರ್ಪೊರೇಶನ್ ಆಗುವ ತನಕ ಬೇರೆಬೇರೆ ಆಡಳಿತದಲ್ಲಿದ್ದವು ಎನ್ನುವುದೂ ನಿಜ. ವಿಷಯ ಸರಿಯಿದ್ದೂ ವಾಕ್ಯ ಕೆಟ್ಟಿದೆ, ಯಾಕೆಂದರೆ ‘ಡಿಸ್ಕಸ್’ ತನ್ನ ಮುಂದೆ ‘ದಟ್’ ಅನ್ನು ಸೇರಿಸುವುದಿಲ್ಲ.

ಇದು ದಡ್ಡತನವಲ್ಲ, ನಿಮ್ಮ ಮನೆಮಾತು ನಿಮ್ಮ ಕೈಯಲ್ಲಿ ಮಾಡಿಸಿದ ಕೆಲಸ. ಕನ್ನಡದಲ್ಲಿ ಇನ್ನೊಬ್ಬರ ಮಾತನ್ನು ವರದಿ ಮಾಡಲು ‘ಎಂದು’ ಸಾಕು, ಆಡುಮಾತಿನಲ್ಲಿ ‘ಅಂತ’. ಎಂದು ಹೇಳಿದರು, ಎಂದು ವಾದಿಸಿದರು, ಎಂದು ವಿವರಿಸಿದರು, ಎಂದು ಸೂಚಿಸಿದರು, ಎಂದು ನೆನಪಿಸಿದರು. ಅಷ್ಟೇಕೆ, ಇವತ್ತಿನ ಪತ್ರಿಕೆಯ ರಾಜಕೀಯದ ಪುಟ ತೆಗೆಯಿರಿ: ‘ಎಂದು ಕಿಡಿಕಾರಿದರು’, ‘ಎಂದು ಗುಡುಗಿದರು’, ‘ಎಂದು ಕುಟುಕಿದರು’, ‘ಎಂದು ಕಣ್ಣೀರಿಟ್ಟರು’. ಕಿಡಿ ಕಾರುವುದಾಗಲಿ ಕಣ್ಣೀರಿಡುವುದಾಗಲಿ ಮಾತಾಡುವ ಕೆಲಸವೇ ಅಲ್ಲ. ಆದರೂ ಕನ್ನಡಕ್ಕೆ ಅಡ್ಡಿಯಿಲ್ಲ. ಆಡಿದ ಮಾತು ಎಲ್ಲಿ ಮುಗಿಯಿತು ಎಂದು ತೋರಿಸುವ ಕೆಲಸವನ್ನು ‘ಎಂದು’ ಒಬ್ಬನೇ ಮಾಡಿ ಮುಗಿಸುವುದರಿಂದ ಆಮೇಲೆ ಯಾವ ಕ್ರಿಯಾಪದ ಬಂದು ಕೂತರೂ ನಡೆಯುತ್ತದೆ.

ನಮ್ಮ ಕಡೆ ಈ ಕಷ್ಟ ಕನ್ನಡದವರಿಗೆ ಮಾತ್ರ ಮೀಸಲಲ್ಲ. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಡಿ. ಕನ್ನಡದವನು ‘ನಾಳೆ ಬರ್ತೀನಿ ಅಂತ ಹೇಳ್ದ’ ಎನ್ನುತ್ತಾನೆ. ತಮಿಳಿನವನು ‘ನಾಳೆಕ್ಕಿ ವರೇನ್ನು ಸೊನ್ನಾನ್’ ಎನ್ನುತ್ತಾನೆ. ‘ವರೇನ್ನು’ವಿನ ಕೊನೆಯ ‘ನ್ನು’ ನಮ್ಮ ‘ಅಂತ’ವೇ. ತೆಲುಗಿನವನ ‘ರೇಪು ವಸ್ತಾನನಿ ಚೆಪ್ಪಾಡು’ ಎನ್ನುವುದರಲ್ಲಿ ‘ಅನಿ’ ಇದೆ. ಇನ್ನು ರಸೆಲ್ ಮಾರ್ಕೆಟ್ಟಿನ ಸುತ್ತಿನ ದಖನಿ ಉರ್ದು ಕೇಳಿ: ‘ಕಲ್ ಆತೂಂ ಬೋಲ್ಕೆ ಬೋಲಾ’. ದಿಲ್ಲಿ, ಲಖನೌ ಕಡೆಯ ಉರ್ದುವಿನಲ್ಲಿ ‘ಕಹಾ ಕಿ’ ಎಂದು ಮೊದಲೇ ಹೇಳಿ ಆಮೇಲೆ ಮಾತನ್ನು ಬಿಚ್ಚುತ್ತಾರೆ. ದಕ್ಷಿಣಕ್ಕೆ ಬಂದ ಉರ್ದು ನೂರಾರು ವರ್ಷ ನಮ್ಮ ಪಕ್ಕದಲ್ಲಿ ಬಾಳಿ ‘ಬೋಲ್ಕೆ’ ಎಂಬ ತನ್ನದೇ ‘ಅಂತ’ವನ್ನು ಮಾಡಿಕೊಂಡಿತು. ಹೀಗಾಗಿ ದಂಡಿನ ನಾಲ್ಕು ಭಾಷೆಯ ಮಕ್ಕಳೂ ಒಂದೇ ತರಗತಿಯಲ್ಲಿ ಕೂತು ಒಂದೇ ತಪ್ಪು ಮಾಡುತ್ತಾರೆ. ಕಾಪಿ ಹೊಡೆದಿದ್ದಾರೆ ಎಂದು ಕೆಲವು ಮೇಷ್ಟ್ರುಗಳಿಗೆ ಅನುಮಾನ ಬರುವಷ್ಟು ಒಂದೇ ತಪ್ಪು.

ಇಂಗ್ಲಿಷಿನಲ್ಲಿ ಹಾಗೆ ಎಲ್ಲ ಕ್ರಿಯಾಪದಕ್ಕೂ ಒದಗುವ ‘ಅಂತ’ ಇಲ್ಲ. ‘ದಟ್’ ನೋಡಲು ಅದರ ಹಾಗೆ ಕಂಡರೂ ಅದು ಎಲ್ಲರ ಮನೆಗೂ ಹೋಗುವುದಿಲ್ಲ. ಅಲ್ಲಿ ಪ್ರತಿ ಕ್ರಿಯಾಪದಕ್ಕೂ ತನ್ನದೇ ಒಂದು ಬಾಲವಿದೆ. ಯಾವ ಬಾಲ ಎಂಬುದು ಅರ್ಥದಿಂದ ಪೂರ್ತಿ ತಿಳಿಯುವುದಿಲ್ಲ, ಕ್ರಿಯಾಪದದ ಜೊತೆಗೇ ಕಲಿಯಬೇಕು. ನಿಮ್ಮ ಶಾಲೆಯಲ್ಲಿ ಕಲಿಸಿದ್ದು ‘ಟೆಲ್ ಅಂದರೆ ಹೇಳು, ಸಜೆಸ್ಟ್ ಅಂದರೆ ಸೂಚಿಸು’ ಎಂಬ ಬಾಲವಿಲ್ಲದ ಪಟ್ಟಿ.

ಒಂದು ಪ್ಯಾರಾ ತೆಗೆದುಕೊಂಡು ನೋಡೋಣ. 1898ರ ಪ್ಲೇಗಿನ ಮೇಲೆ, ಅದರ ನಂತರ ದಂಡಿನ ಅಂಚಿನಲ್ಲಿ ಎದ್ದ ಫ್ರೇಜರ್ ಟೌನಿನಂಥ ಬಡಾವಣೆಗಳ ಮೇಲೆ ಬರೆಯುವ ಇತಿಹಾಸದ ವಿದ್ಯಾರ್ಥಿಗಳಿದ್ದೀರಿ. ನಿಮ್ಮ ವಾಕ್ಯಗಳು ಹೀಗಿರುತ್ತವೆ, ಬೇಕೆಂದೇ ಎಲ್ಲವನ್ನೂ ಒಂದೆಡೆ ಸೇರಿಸಿದ್ದೇನೆ:

‘ದ ಆಫಿಸರ್ಸ್ ಬ್ಲೇಮ್ಡ್ ದಟ್ ದ ಹೌಸಸ್ ವರ್ ಕ್ರೌಡೆಡ್. ದೆ ಡಿಸ್ಕ್ರೈಬ್ಡ್ ದಟ್ ದ ಲೇನ್ಸ್ ವರ್ ಡರ್ಟಿ. ದೆ ಸಜೆಸ್ಟೆಡ್ ಟು ಬಿಲ್ಡ್ ನ್ಯೂ ಎಕ್ಸ್‌ಟೆನ್ಶನ್ಸ್. ದೆ ಟೋಲ್ಡ್ ದಟ್ ದ ಪೀಪಲ್ ಶುಡ್ ಶಿಫ್ಟ್.’

ನಾಲ್ಕು ವಾಕ್ಯಗಳನ್ನೂ ಕನ್ನಡಕ್ಕೆ ತಿರುಗಿಸಿ, ನಾಲ್ಕೂ ‘ಎಂದು’ವಿನಲ್ಲಿ ಸಲೀಸಾಗಿ ಕೂರುತ್ತವೆ. ಇಂಗ್ಲಿಷಿನಲ್ಲಿ ನಾಲ್ಕೂ ಕೆಡುತ್ತವೆ, ಒಂದೊಂದೂ ಬೇರೆ ಕಾರಣಕ್ಕೆ. ‘ಬ್ಲೇಮ್’ಗೆ ಆರೋಪಿ ಬೇಕು, ಅಪರಾಧ ‘ಫಾರ್’ ಹಿಡಿದುಕೊಂಡು ಬರಬೇಕು: ‘ಬ್ಲೇಮ್ಡ್ ದ ಕ್ರೌಡೆಡ್ ಹೌಸಸ್ ಫಾರ್ ದ ಪ್ಲೇಗ್’. ‘ಕ್ರಿಟಿಸೈಜ್’, ‘ಪ್ರೇಜ್’ ಕೂಡ ಇದೇ ಜಾತಿ. ‘ಅಕ್ಯೂಸ್’ ಮಾತ್ರ ‘ಆಫ್’ ಕೇಳುತ್ತದೆ, ಯಾಕೆ ಎಂದು ನನ್ನನ್ನು ಕೇಳಬೇಡಿ. ‘ಡಿಸ್ಕ್ರೈಬ್’ಗೆ ಬೇಕಾದ್ದು ಒಂದು ನಾಮಪದ, ಬೇಕಿದ್ದರೆ ಆಮೇಲೆ ‘ಆ್ಯಸ್’: ‘ಡಿಸ್ಕ್ರೈಬ್ಡ್ ದ ಲೇನ್ಸ್ ಆ್ಯಸ್ ಡರ್ಟಿ’. ‘ಡಿಫೈನ್’, ‘ರಿಗಾರ್ಡ್’ ಕೂಡ ‘ಆ್ಯಸ್’ನವೇ. ‘ಸಜೆಸ್ಟ್’ ಎಂಬುದು ‘ಟು’ವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ, ‘ಸಜೆಸ್ಟೆಡ್ ಬಿಲ್ಡಿಂಗ್’ ಅನ್ನಬೇಕು, ಇಲ್ಲವೇ ‘ಸಜೆಸ್ಟೆಡ್ ದಟ್ ನ್ಯೂ ಎಕ್ಸ್‌ಟೆನ್ಶನ್ಸ್ ಬಿ ಬಿಲ್ಟ್’ ಅನ್ನಬೇಕು. ಆ ‘ಬಿ’ ಕಂಡು ಗಾಬರಿಯಾದರೆ ‘ಶುಡ್ ಬಿ’ ಎನ್ನಿ, ತಪ್ಪಿಲ್ಲ.

ಕೊನೆಯದು ‘ಟೆಲ್’. ನಮ್ಮ ‘ಹೇಳು’ವಿಗೆ ಯಾರಿಗೆ ಎಂದು ತಿಳಿಸುವ ಹಂಗಿಲ್ಲ. ‘ಟೆಲ್’ಗೆ ಕೇಳುವವರು ಎದುರಿಗೆ ಇರಲೇಬೇಕು: ‘ಟೋಲ್ಡ್ ದ ರೆಸಿಡೆಂಟ್ಸ್ ದಟ್’. ಕೇಳುವವರು ಇಲ್ಲದಿದ್ದರೆ ‘ಸೆಡ್ ದಟ್’. ‘ಇನ್‌ಫಾರ್ಮ್’, ‘ರಿಮೈಂಡ್’, ‘ಕನ್ವಿನ್ಸ್’ ಇವೂ ‘ಟೆಲ್’ನ ದಾಯಾದಿಗಳು. ‘ಎಕ್ಸ್‌ಪ್ಲೇನ್’ ಹಾಗಲ್ಲ, ಅದು ಕೇಳುವವರನ್ನು ‘ಟು’ವಿನ ಹಿಂದೆ ನಿಲ್ಲಿಸುತ್ತದೆ: ‘ಎಕ್ಸ್‌ಪ್ಲೇನ್ಡ್ ಟು ದ ರೆಸಿಡೆಂಟ್ಸ್ ದಟ್’. ‘ಎಕ್ಸ್‌ಪ್ಲೇನ್ಡ್ ಮಿ’ ಎಂಬುದನ್ನು ನಾನು ಕಂಡಷ್ಟು ಯಾರೂ ಕಂಡಿರಲಾರರು.

ಹಾಗಾದರೆ ‘ಡಿಸ್ಕಸ್’, ‘ಎಗ್ಸಾಮಿನ್’, ‘ಅನಲೈಜ್’ ಇವುಗಳ ಗತಿ? ಇವು ಮಾತನ್ನು ಹೇಳುವ ಕ್ರಿಯಾಪದಗಳಲ್ಲ, ವಿಷಯವನ್ನು ಕೈಗೆತ್ತಿಕೊಳ್ಳುವ ಕ್ರಿಯಾಪದಗಳು. ನಾಯರ್ ಏನನ್ನು ಎತ್ತಿಕೊಂಡರು ಎಂದಷ್ಟೇ ಇವು ಹೇಳುತ್ತವೆ, ಏನು ತೀರ್ಮಾನಿಸಿದರು ಎಂದು ಹೇಳುವುದಿಲ್ಲ. ‘ನಾಯರ್ ಡಿಸ್ಕಸಸ್ ದ ಡಿವೈಡೆಡ್ ಸಿಟಿ’ ಅಷ್ಟಕ್ಕೇ ನಿಲ್ಲಿ, ಅಥವಾ ‘ಹೌ’, ‘ವೈ’, ‘ವೆದರ್’ ಸೇರಿಸಿ ಮುಂದುವರಿಸಿ. ತೀರ್ಮಾನವನ್ನೇ ಹೇಳಬೇಕಾದರೆ ‘ಆರ್ಗ್ಯೂಸ್ ದಟ್’, ‘ಶೋಸ್ ದಟ್’, ‘ನೋಟ್ಸ್ ದಟ್’ ಇವೆ. ಈ ಒಂದು ವ್ಯತ್ಯಾಸ ಕೈಗೆ ಹತ್ತಿದರೆ ಎರಡನೆಯ ಅಧ್ಯಾಯದ ಕೆಂಪು ಶಾಯಿ ಅರ್ಧ ಕಡಿಮೆಯಾಗುತ್ತದೆ. ಅಧ್ಯಾಯವೂ ಸುಧಾರಿಸುತ್ತದೆ. ಯಾಕೆಂದರೆ ಹತ್ತು ಪುಸ್ತಕಗಳು ಏನನ್ನು ‘ಡಿಸ್ಕಸ್’ ಮಾಡಿದವು ಎಂದು ಹತ್ತು ಸಲ ಬರೆದು, ಅವು ಏನು ಹೇಳಿದವು ಎಂದು ಒಂದು ಸಲವೂ ಬರೆಯದ ರಿವ್ಯೂಗಳೇ ಜಾಸ್ತಿ.

ಎರಡನೆಯ ಬಗೆಯ ತಪ್ಪು ‘ಬಗ್ಗೆ’ ಮತ್ತು ‘ಮೇಲೆ’ಗಳಿಂದ ಬರುವುದು. ಅದರ ಬಗ್ಗೆ ಚರ್ಚಿಸಿದರು, ಅದರ ಬಗ್ಗೆ ಪ್ರಸ್ತಾಪಿಸಿದರು, ಅದರ ಮೇಲೆ ಒತ್ತು ಕೊಟ್ಟರು. ಅದೇ ಇಂಗ್ಲಿಷಿಗೆ ಹೋಗಿ ‘ಡಿಸ್ಕಸ್ಡ್ ಅಬೌಟ್’, ‘ಮೆನ್ಶನ್ಡ್ ಅಬೌಟ್’, ‘ಎಂಫಸೈಜ್ಡ್ ಆನ್’ ಆಗುತ್ತದೆ. ಗೊಂದಲಕ್ಕೆ ಇಂಗ್ಲಿಷೂ ಕಾರಣ: ‘ಡಿಸ್ಕಶನ್ ಅಬೌಟ್’, ‘ಎಂಫಸಿಸ್ ಆನ್’ ಎರಡೂ ಸರಿ. ನಾಮಪದವಾದಾಗ ಬೇಕಾದ ಪದವನ್ನು ಕ್ರಿಯಾಪದವಾದಾಗ ಬಿಡಬೇಕು. ಹಾಗೆಂದು ‘ಡಿಸ್ಕಸ್ ಅಬೌಟ್’ ಮಹಾಪಾಪವೇನಲ್ಲ. ಭಾರತೀಯರ ಇಂಗ್ಲಿಷಿಗೆ ತನ್ನದೇ ಜಾಡಿದೆ, ಅದನ್ನು ಬ್ರಿಟಿಷರ ಇಂಗ್ಲಿಷಿನ ಪಕ್ಕದಲ್ಲಿಟ್ಟು ತೋರಿಸುವ ‘ಇಂಡಿಯನ್ ಆ್ಯಂಡ್ ಬ್ರಿಟಿಷ್ ಇಂಗ್ಲಿಷ್’ ಎಂಬ ಕೈಪಿಡಿ 1979ರಲ್ಲೇ ಬಂದಿದೆ. ಮೆಟ್ರೊದಲ್ಲಿ, ಆಫೀಸಿನಲ್ಲಿ, ಟೀ ಅಂಗಡಿಯಲ್ಲಿ ಧಾರಾಳವಾಗಿ ಹೇಳಿ. ಥಿಸಿಸ್ಸಿನಲ್ಲಿ ಬೇಡ. ಓದುವ ಎಕ್ಸಾಮಿನರ್‌ಗೆ ನಿಮ್ಮ ವಾದ ನೋಡುವ ಬದಲು ನಿಮ್ಮ ‘ಅಬೌಟ್’ ನೋಡುವ ಅವಕಾಶ ಯಾಕೆ ಕೊಡುತ್ತೀರಿ?

ಇನ್ನೊಂದು ಸಣ್ಣದು. ‘ಅಕಾರ್ಡಿಂಗ್ ಟು ನಾಯರ್, ಶಿ ಸೇಸ್ ದಟ್’ ಎಂದು ಬರೆಯುವವರು ಕನ್ನಡದಲ್ಲೂ ‘ನಾಯರ್ ಅವರ ಪ್ರಕಾರ... ಎಂದು ಹೇಳುತ್ತಾರೆ’ ಎಂದೇ ಬರೆಯುತ್ತಾರೆ. ಎರಡರಲ್ಲಿ ಒಂದು ಸಾಕು. ಹಾಗೆಯೇ ‘ಇಟ್ ಈಸ್ ಸೆಡ್ ದಟ್’, ನಮ್ಮ ಪತ್ರಿಕೆಗಳ ‘ಎನ್ನಲಾಗಿದೆ’. ದಂಡು 1809ರಲ್ಲಿ ಶುರುವಾಯಿತು ‘ಎನ್ನಲಾಗಿದೆ’ ಎಂದರೆ ನಿಮಗೇ ಅನುಮಾನವಿದೆ ಎಂದಾಯಿತು. ಪುಸ್ತಕ ನೋಡಿ, ಪುಟ ಹಾಕಿ, ನೇರವಾಗಿ ಬರೆಯಿರಿ.

ಬಾಲ ತಪ್ಪುವ ಈ ರೋಗ ಈಚೆಗೆ ಹೆಚ್ಚಾಗಲು ಒಂದು ಕಾರಣವಿದೆ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮಾವಳಿ ತಂದಿತು. ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಮೇಲೆ ಹೋದಂತೆ ಹಂತಹಂತವಾಗಿ ಶಿಕ್ಷೆ. ನಿಯಮ ಸರಿಯಾದದ್ದೇ. ಆದರೆ ಸಾಫ್ಟ್‌ವೇರ್ ಶೇಕಡಾವಾರು ತೋರಿಸಿದ ಕೂಡಲೇ ನೀವು ಮಾಡುವುದೇನು? ಪುಸ್ತಕವನ್ನು ಮತ್ತೆ ಓದಿ ಸ್ವಂತ ಮಾತಿನಲ್ಲಿ ಬರೆಯುವುದಿಲ್ಲ. ‘ಸೆಡ್ ಬದಲು ಬಳಸಬಹುದಾದ ಇನ್ನೂರು ಪದಗಳು’ ಎಂಬ ಪಟ್ಟಿಯೊಂದನ್ನು ಎಲ್ಲಿಂದಲೋ ತಂದು, ಒಂದೊಂದು ‘ಸೆಡ್’ ಕಿತ್ತು ಅಲ್ಲಿ ‘ಡಿಸ್ಕಸ್ಡ್’, ‘ಡಿಸ್ಕ್ರೈಬ್ಡ್’, ‘ಇಲ್ಲಸ್ಟ್ರೇಟೆಡ್’ ತುಂಬುತ್ತೀರಿ. ‘ಸೆಡ್’ನ ಬಾಲವಾಗಿದ್ದ ‘ದಟ್’ ಮಾತ್ರ ಅಲ್ಲೇ ಉಳಿದುಬಿಡುತ್ತದೆ. ಸರಿಯಾಗಿದ್ದ ವಾಕ್ಯವೂ ಕೆಟ್ಟಿತು, ಕದ್ದದ್ದೂ ಹೋಗಲಿಲ್ಲ. ಆ ಇನ್ನೂರರಲ್ಲಿ ನಿಮ್ಮೆಲ್ಲರ ಅಚ್ಚುಮೆಚ್ಚು ‘ಒಪೈನ್ಡ್’. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ. ನಮ್ಮ ವರದಿಗಾರರ ‘ಅಭಿಪ್ರಾಯಪಟ್ಟರು’ ಕೋಟು ಹಾಕಿಕೊಂಡು ಬಂದಿದೆ ಅಷ್ಟೆ. ಆದರೂ ಕಂಡಲ್ಲೆಲ್ಲ ಹೊಡೆದುಹಾಕುತ್ತೇನೆ. ಸಂಶೋಧನೆ ಮಾಡಿ, ಆಧಾರ ಕೂಡಿಸಿ, ವರ್ಷಗಟ್ಟಲೆ ದುಡಿದು ಒಬ್ಬರು ಒಂದು ವಿಷಯ ಸ್ಥಾಪಿಸಿದ್ದಾರೆ. ಅದನ್ನು ಸಭೆಯ ಅಧ್ಯಕ್ಷರ ಭಾಷಣದ ಹಾಗೆ ‘ಅಭಿಪ್ರಾಯಪಟ್ಟರು’ ಎಂದು ಮುಗಿಸುವುದು ಸರಿಯಲ್ಲ. ‘ಸೆಡ್’ ಮತ್ತೆಮತ್ತೆ ಬಂದರೆ ಆಕಾಶ ಬೀಳುವುದಿಲ್ಲ.

ಇಲ್ಲಿಗೆ ಬಾಲದ ಮಾತಾಯಿತು. ಇನ್ನು ತೂಕದ ಮಾತು. ಇದನ್ನು ಎಂ.ಎಸ್.ಡಬ್ಲ್ಯು. ಮತ್ತು ಸಮಾಜಶಾಸ್ತ್ರದವರು ದಯವಿಟ್ಟು ಗಮನವಿಟ್ಟು ಓದಿ.

ನೀವು ಕೆ.ಆರ್. ಪುರದ ಆಚೆ ಬಾಡಿಗೆ ಮನೆಗಳ ಸಾಲಿಗೆ ಹೋಗಿ ಮನೆಗೆಲಸದ ಹೆಂಗಸರನ್ನು ಮಾತಾಡಿಸಿ ಬಂದಿರಿ. ಒಬ್ಬರು ‘ನಲ್ಲೀಲಿ ಹದಿನೈದು ದಿನದಿಂದ ನೀರಿಲ್ಲ ಕಣಮ್ಮ, ಟ್ಯಾಂಕರಿಗೆ ಕಾಸು ಕೊಡಬೇಕು, ಅದಕ್ಕೆ ಸಾಲ ಮಾಡಿದೀನಿ’ ಎಂದರು. ನಿಮ್ಮ ನಾಲ್ಕನೆಯ ಅಧ್ಯಾಯದಲ್ಲಿ ಅದು ‘ದ ರೆಸ್ಪಾಂಡೆಂಟ್ ಕ್ಲೇಮ್ಡ್ ದಟ್ ದೇರ್ ವಾಸ್ ನೋ ವಾಟರ್ ಆ್ಯಂಡ್ ಅಡ್ಮಿಟೆಡ್ ದಟ್ ಶಿ ಹ್ಯಾಡ್ ಬಾರೋಡ್ ಮನಿ’ ಎಂದಾಯಿತು. ಬಾಲ ಎರಡೂ ಕಡೆ ಸರಿಯಿದೆ, ಕೆಂಪು ಶಾಯಿ ಬೀಳುವುದಿಲ್ಲ. ಆದರೆ ‘ಕ್ಲೇಮ್ಡ್’ ಎಂದರೆ ಆಕೆ ಹಾಗನ್ನುತ್ತಾಳೆ, ನಿಜವೋ ಏನೋ ಎಂದು. ‘ಅಡ್ಮಿಟೆಡ್’ ಎಂದರೆ ತಪ್ಪು ಒಪ್ಪಿಕೊಂಡಳು ಎಂದು. ನೀರಿಲ್ಲದ್ದು ಸುಳ್ಳಿರಬಹುದು, ಸಾಲ ಮಾಡಿದ್ದು ಅಪರಾಧ ಎಂದು ನೀವೇ ತೀರ್ಪು ಕೊಟ್ಟ ಹಾಗಾಯಿತು. ಅದೇ ರಿಪೋರ್ಟಿನಲ್ಲಿ ಅಧಿಕಾರಿಯೊಬ್ಬರು ಆ ಬೀದಿಗೆ ವಾರಕ್ಕೆ ಎರಡು ಸಲ ನೀರು ಬಿಡುತ್ತೇವೆ ಎಂದಿದ್ದನ್ನು ನೀವು ‘ಕ್ಲಾರಿಫೈಡ್ ದಟ್’ ಎಂದು ಬರೆದಿರುತ್ತೀರಿ: ಸ್ಪಷ್ಟಪಡಿಸಿದರು! ಬಡವಳದ್ದು ‘ಕ್ಲೇಮ್’, ಸಾಹೇಬರದ್ದು ‘ಕ್ಲಾರಿಫಿಕೇಶನ್’. ಇದನ್ನು ನೀವು ಬೇಕೆಂದು ಮಾಡಿದ್ದಲ್ಲ ಎಂದು ನನಗೆ ಗೊತ್ತು. ಪಟ್ಟಿಯಲ್ಲಿದ್ದ ಪದಗಳನ್ನು ಸರದಿಯ ಪ್ರಕಾರ ಹಂಚಿದ್ದೀರಿ. ಓದುವವರಿಗೆ ಹಾಗೆ ಕಾಣುವುದಿಲ್ಲ. ಇಬ್ಬರಿಗೂ ‘ಸೆಡ್’ ಬಳಸಿ, ಆಮೇಲೆ ಯಾರ ಮಾತು ನಿಜವೆಂದು ನಿಮ್ಮ ಅಂಕಿಅಂಶ ಹೇಳಲಿ.

ತೂಕ ನೋಡುವ ಕಿವಿ ನಿಮಗಿಲ್ಲ ಎನ್ನುವ ಹಾಗಿಲ್ಲ. ‘ನೀರು ಬಿಟ್ಟರು’ ಮತ್ತು ‘ನೀರು ಬಿಟ್ಟರಂತೆ’ ಇವುಗಳ ನಡುವಿನ ದೂರ ಕನ್ನಡದ ಮಗುವಿಗೂ ಗೊತ್ತು. ಒಂದರಲ್ಲಿ ನೀವು ಜವಾಬ್ದಾರರು, ಇನ್ನೊಂದರಲ್ಲಿ ಅಲ್ಲ. ಇಂಗ್ಲಿಷಿನವರು ‘ಅಂತೆ’ಯ ಕೆಲಸವನ್ನು ಕ್ರಿಯಾಪದದ ಆಯ್ಕೆಯಿಂದ ಮಾಡುತ್ತಾರೆ. ‘ಶೋಸ್’, ‘ಪಾಯಿಂಟ್ಸ್ ಔಟ್’ ಎಂದರೆ ನಾನೂ ಒಪ್ಪಿದ್ದೇನೆ. ‘ಸಜೆಸ್ಟ್ಸ್’, ‘ಆರ್ಗ್ಯೂಸ್’ ಎಂದರೆ ಅದು ಅವರ ವಾದ. ‘ಕ್ಲೇಮ್ಸ್’, ‘ಅಲೆಜಸ್’ ಎಂದರೆ ಅದು ಅವರ ತಲೆಯ ಮೇಲೆಯೇ ಇರಲಿ.

ಇನ್ನೊಬ್ಬರ ಹೆಸರು ಹೇಳಿ ಬರೆಯುವ ಶಿಸ್ತೂ ಇಂಗ್ಲಿಷಿನಿಂದ ಬಂದದ್ದೇನಲ್ಲ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಆರಂಭದಲ್ಲೇ ಗಜಗ, ಅಸಗ, ಶ್ರೀವಿಜಯ, ಪೊನ್ನ ಮೊದಲಾದವರ ಹೆಸರು ಹೇಳಿ, ತನ್ನ ವ್ಯಾಕರಣಕ್ಕೆ ಅವರ ಪ್ರಯೋಗಗಳೇ ಆಧಾರ ಎಂದು ತಿಳಿಸುತ್ತಾನೆ. ನೋಡಿ, ಏಳುನೂರು ವರ್ಷಕ್ಕೂ ಹಿಂದಿನವನನ್ನು ‘ತಿಳಿಸುತ್ತಾನೆ’ ಎಂದು ವರ್ತಮಾನದಲ್ಲಿ ಬರೆದರೂ ನಿಮಗೆ ವಿಚಿತ್ರವೆನಿಸಲಿಲ್ಲ. ‘ನಾಯರ್ ಆರ್ಗ್ಯೂಸ್’ ಎಂದು ವರ್ತಮಾನದಲ್ಲಿ ಬರೆಯುವುದೂ ಅಷ್ಟೇ ಸಹಜ. ನಿಮ್ಮ ರೆಸ್ಪಾಂಡೆಂಟ್ ಹೇಳಿದ್ದಕ್ಕೆ ಮಾತ್ರ ಭೂತಕಾಲ, ಅದು ಒಂದು ದಿನ ನಡೆದ ಮಾತುಕತೆ.

ಬಾಲಗಳನ್ನು ಕಲಿಯುವುದೆಲ್ಲಿ ಎಂದು ಕೇಳುತ್ತೀರಿ. ಈ ಕಷ್ಟ ಕಂಡವರಲ್ಲಿ ನೀವು ಮೊದಲಿಗರಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತನ್ನ ವಿದ್ಯಾರ್ಥಿಗಳು ಅರ್ಥ ಗೊತ್ತಿದ್ದೂ ವಾಕ್ಯ ಕಟ್ಟಲಾರದೆ ಒದ್ದಾಡುವುದನ್ನು ನೋಡಿ, ಪ್ರತಿ ಕ್ರಿಯಾಪದ ಯಾವ ಮಾದರಿಯಲ್ಲಿ ನಡೆಯುತ್ತದೆ ಎಂದು ಗುರುತು ಹಾಕಿ, ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ನಿಘಂಟು ಮಾಡಿದ. ಅದು ಟೋಕಿಯೊದಲ್ಲಿ 1942ರಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿತು. ಇವತ್ತು ನಿಮ್ಮ ಕಾಲೇಜು ಲೈಬ್ರರಿಯಲ್ಲಿ ಧೂಳು ಹಿಡಿದಿರುವ ದಪ್ಪನೆಯ ‘ಅಡ್ವಾನ್ಸ್ಡ್ ಲರ್ನರ್ಸ್’ ಅದರದೇ ಸಂತತಿ. ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಯಿತು. ಅದು ಅರ್ಥವನ್ನೇ ಪೂರ್ತಿ ವಾಕ್ಯದಲ್ಲಿ ಹೇಳುತ್ತದೆ, ಬಾಲ ಅರ್ಥದೊಳಗೇ ಕಾಣಿಸುತ್ತದೆ. ಅದೇ ತಂಡ 1996ರಲ್ಲಿ ಬರೀ ಕ್ರಿಯಾಪದಗಳ ಮಾದರಿಗಳಿಗೆಂದೇ ಒಂದು ದೊಡ್ಡ ಪುಸ್ತಕ ತಂದಿತು. ಇಂಗ್ಲಿಷ್‌ನಿಂದ ಕನ್ನಡಕ್ಕೆ ಅರ್ಥ ಕೊಡುವ ನಿಘಂಟು ಈ ಕೆಲಸಕ್ಕೆ ಒದಗುವುದಿಲ್ಲ. ಅದು ನಿಮ್ಮನ್ನು ಸೀದಾ ‘ಎಂದು’ವಿನ ಬಳಿಗೇ ಕರೆದುಕೊಂಡು ಹೋಗುತ್ತದೆ.

ಇನ್ನೂ ಸುಲಭದ ದಾರಿ ಬೇಕೆಂದರೆ ನಿಮ್ಮದೇ ವಿಷಯದ ಒಂದು ಒಳ್ಳೆಯ ಲೇಖನ ತೆಗೆದುಕೊಳ್ಳಿ. ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯದ್ದಾದರೂ ಆದೀತು. ಯಾರದಾದರೂ ಹೆಸರು ಬಂದಲ್ಲಿ ಅದರ ಮುಂದಿನ ಕ್ರಿಯಾಪದಕ್ಕೂ ಆಮೇಲಿನ ಎರಡು ಪದಕ್ಕೂ ಪೆನ್ಸಿಲಿನಲ್ಲಿ ಗೆರೆ ಹಾಕಿ, ನೋಟ್‌ಬುಕ್ಕಿಗೆ ಬಾಲ ಸಮೇತ ಇಳಿಸಿಕೊಳ್ಳಿ. ‘ಸಜೆಸ್ಟ್’ ಎಂದಲ್ಲ, ‘ಸಜೆಸ್ಟ್ ದಟ್’ ಎಂದು. ಇನ್ನೂರು ಬೇಡ. ಎಂ.ಎ. ರಿಪೋರ್ಟಿಗೆ ಹದಿನೈದು ಕ್ರಿಯಾಪದ ಧಾರಾಳವಾಯಿತು.

ಗೈಡುಗಳಾಗಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲೂ ಒಂದು ಮಾತು: ಸುತ್ತು ಹಾಕಿದ ಮೇಲೆ ಪಕ್ಕದಲ್ಲಿ ಸರಿಯಾದ ಬಾಲವನ್ನೂ ಬರೆಯಿರಿ. ಒಂದು ಪದದ ಕೆಲಸ.

ವಿದ್ಯಾರ್ಥಿಗಳೇ, ಬೈಂಡಿಂಗ್ ಅಂಗಡಿಗೆ ಕೊಡುವ ಮುಂಚೆ ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳನ್ನು ಪ್ರಿಂಟ್ ತೆಗೆದು ಇವಿಷ್ಟನ್ನೇ ನೋಡುತ್ತಾ ಒಮ್ಮೆ ಓದಿ. ಸಮಯ ಒಂದಕ್ಕೆ ಮಾತ್ರ ಇದೆ ಎಂದಾದರೆ ಎರಡನೆಯದನ್ನು ಬಿಡಿ, ನಾಲ್ಕನೆಯದನ್ನು ನೋಡಿ. ನಾಯರ್ ಅವರಂಥವರ ಪುಸ್ತಕ ಅಂಗಡಿಯಲ್ಲಿದೆ, ನೀವು ತಪ್ಪಾಗಿ ಬರೆದರೂ ಜನ ಅದನ್ನೇ ತೆಗೆದು ಓದಬಹುದು. ನಿಮ್ಮ ಜೊತೆ ಬಾಗಿಲಲ್ಲಿ ನಿಂತು ಮಾತಾಡಿದ ಹೆಂಗಸು ಹೇಳಿದ್ದು ನಿಮ್ಮ ರಿಪೋರ್ಟಿನಲ್ಲಿ ಬಿಟ್ಟರೆ ಬೇರೆಲ್ಲೂ ಇರುವುದಿಲ್ಲ.

ಇಂತಿ ನಿಮ್ಮವ,
ಹಲಸೂರಿನ ಒಬ್ಬ ತಿದ್ದುಗಾರ